ಬೂದಿಯ ಮಾತು ಕೊಟ್ಟು ಅಡಿಕೆ ಸಿಪ್ಪೆ ತಂದದ್ದು

ಹಾವೇರಿಯಿಂದ ಶಿರಸಿಗೆ ಬೆಳಗಿನ ಆರು ಗಂಟೆಯ ಬಸ್ಸು ಹಿಡಿದೆ. ಜೊತೆಗೆ ಎರಡು ಜೊತೆ ಬಟ್ಟೆಯ ಒಂದು ಚೀಲ, ಇನ್ನೂರು ಖಾಲಿ ಪ್ಲಾಸ್ಟಿಕ್ ಚೀಲಗಳ ಒಂದು ದೊಡ್ಡ ಕಟ್ಟು. ಕಂಡಕ್ಟರು ನನಗೊಂದು ಪೂರ್ತಿ ಟಿಕೆಟ್ಟು, ಕಟ್ಟಿಗೊಂದು ಅರ್ಧ ಟಿಕೆಟ್ಟು ಹರಿದ. ಖಾಲಿ ಚೀಲಕ್ಕೂ ಟಿಕೆಟ್ಟೇನಪ್ಪ ಎಂದು ಕೇಳಿದ್ದಕ್ಕೆ, ಅದು ಸೀಟಿನ ಮೇಲೆ ಕೂತಿದೆಯಲ್ಲ ಎಂದು ತೋರಿಸಿದ. ನಿಜ, ಕಟ್ಟು ನನಗಿಂತ ಆರಾಮಾಗಿ ಕಿಟಕಿ ಪಕ್ಕ ಕೂತಿತ್ತು. ಫೆಬ್ರವರಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ನಾನು ಕಟ್ಟಿಗೆ ಒರಗಿಕೊಂಡು ಹಾನಗಲ್ಲಿನವರೆಗೂ ನಿದ್ದೆ ಮಾಡಿದೆ.

ನಾನು ಬೆಂಕಿ ಕಾಯುವ ಕೆಲಸದವನು. ಬಯಲುಸೀಮೆಯ ಒಂದು ಕಾರ್ಖಾನೆಗೆ ಬೇಕಾದ ಕರೆಂಟನ್ನು ಅಲ್ಲೇ ತಯಾರಿಸುವ ಸ್ಥಾವರ ನಮ್ಮದು. ಕಲ್ಲಿದ್ದಲು ಸುಟ್ಟು, ನೀರು ಕುದಿಸಿ, ಆವಿಯಿಂದ ಯಂತ್ರ ತಿರುಗಿಸುವುದು. ಆ ಬಾಯ್ಲರಿನ ಮುಂದೆ ಇಪ್ಪತ್ತೆರಡು ವರ್ಷ ನಿಂತು ನನಗೊಂದು ಚಾಳಿ ಅಂಟಿಕೊಂಡಿದೆ. ಯಾರ ಮನೆಗೆ ಹೋದರೂ ದೇವರ ಕೋಣೆಗಿಂತ ಮೊದಲು ಒಲೆ ನೋಡುತ್ತೇನೆ. ಮದುವೆಗೆ ಹೋದರೆ ಹೆಣ್ಣು ಗಂಡಿನ ಮುಖ ಮರೆತುಹೋಗುತ್ತದೆ, ಅಡುಗೆಯವರು ಯಾವ ಸೌದೆ ಹಾಕಿದ್ದರು ಅನ್ನುವುದು ನೆನಪಿರುತ್ತದೆ. ನನ್ನ ಹೆಂಡತಿ ಇದನ್ನು ಹತ್ತು ಜನರ ಎದುರು ಹೇಳಿ ನಗುತ್ತಾಳೆ.

ಈ ಪ್ರಯಾಣದ ಕಾರಣವೂ ಒಲೆಯೇ. ಕಲ್ಲಿದ್ದಲಿನ ಜೊತೆ ಹತ್ತರಲ್ಲಿ ಒಂದು ಪಾಲು ಬೆಳೆಯ ಕಸವನ್ನು ಗುಳಿಗೆ ಮಾಡಿ ಉರಿಸಿದರೆ ಅಷ್ಟು ಕಲ್ಲಿದ್ದಲು ಉಳಿಯುತ್ತದೆ ಎಂದು ನಮ್ಮ ಸ್ಥಾವರದಲ್ಲಿ ಮೊದಲು ಬಾಯಿಬಿಟ್ಟವನು ನಾನು. ಹಿಂದಿನ ವರ್ಷ ಶೇಂಗಾ ಸಿಪ್ಪೆಯಲ್ಲಿ ಮಾಡಿ ನೋಡಿದೆವು. ತಿಪ್ಪೆಯಿಂದ ಎತ್ತಿದ ಸಿಪ್ಪೆ, ಅರ್ಧ ಮಣ್ಣು. ಮಣ್ಣು ಕರಗಿ ಕೊಳವೆಗಳಿಗೆ ಕಿಟ್ಟದ ಹಾಗೆ ಅಂಟಿಕೊಂಡಿತು. ಎರಡು ದಿನ ಬಾಯ್ಲರು ನಿಲ್ಲಿಸಿ ಸುತ್ತಿಗೆಯಲ್ಲಿ ಕೆತ್ತಬೇಕಾಯಿತು. ನಮ್ಮ ದೊಡ್ಡ ಎಂಜಿನಿಯರು ಬೈಯಲಿಲ್ಲ, ಅದೇ ಕಷ್ಟ. ಮಂಗಳವಾರ ಬೆಳಗಿನ ಒಂದು ಪಾಳಿ ಕೊಡುತ್ತೇನೆ, ಶುದ್ಧ ಸರಕು ಮೂರು ಟನ್ನು ತಂದು ಉರಿಸಿ ತೋರಿಸು, ಆಗದಿದ್ದರೆ ಇನ್ನು ಈ ಸುದ್ದಿ ಎತ್ತಬೇಡ ಎಂದರು. ನಾನು ಹೊರಟದ್ದು ಗುರುವಾರ.

ಶಿರಸಿಯ ಕಡೆ ಅಡಿಕೆ ಸಿಪ್ಪೆ ಗುಡ್ಡೆಗುಡ್ಡೆ ಬಿದ್ದಿರುತ್ತದೆ ಎಂದು ಹೇಳಿದವನು ನಮ್ಮ ಉಗ್ರಾಣದ ಗುಮಾಸ್ತ. ಅವನ ಭಾವ ಗಣಪಣ್ಣ ಸಿದ್ದಾಪುರದ ಹತ್ತಿರ ಕೋಲಸಿರ್ಸಿಯಲ್ಲಿ ಇದ್ದಾನೆ, ಒಂದು ಚೀಟಿ ಬರೆದುಕೊಡುತ್ತೇನೆ, ಮಿಕ್ಕದ್ದು ಅವನೇ ನೋಡಿಕೊಳ್ಳುತ್ತಾನೆ ಅಂದ. ಅಷ್ಟನ್ನೇ ನಂಬಿಕೊಂಡು ಹೊರಟೆ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರಲ್ಲ, ಆ ಮಾತಿಗೆ ಈ ನಾಲ್ಕು ದಿನದಲ್ಲಿ ನಾನು ಎರಡು ಸಲ ಸಾಕ್ಷಿಯಾದೆ.

ಒಂಬತ್ತೂವರೆಗೆ ಶಿರಸಿ. ಬಸ್ ನಿಲ್ದಾಣದ ಕ್ಯಾಂಟೀನಿನಲ್ಲಿ ಬನ್ಸು, ಚಹಾ. ಇಲ್ಲಿಗೆ ರೈಲಿಲ್ಲ, ಬರುವುದೂ ಹೋಗುವುದೂ ಎಲ್ಲ ರಸ್ತೆಯ ಮೇಲೆಯೇ. ಹಾಗಾಗಿ ಪೇಟೆಯ ತುಂಬ ಲಾರಿ, ಲಾರಿಯ ತುಂಬ ಅಡಿಕೆ ಮೂಟೆ. ಅಲ್ಲಿಂದ ಸಿದ್ದಾಪುರಕ್ಕೆ ಮೂವತ್ತೈದು ಕಿಲೋಮೀಟರಿನ ದಾರಿ, ಸುತ್ತಿ ಸುತ್ತಿ ಒಂದೂಕಾಲು ಗಂಟೆ. ಸಿದ್ದಾಪುರದಲ್ಲಿ ಇಳಿದು ಕೋಲಸಿರ್ಸಿಯ ಟೆಂಪೋ ಹತ್ತಿದಾಗ ಮಧ್ಯಾಹ್ನ. ಟೆಂಪೋದಲ್ಲಿ ಪೇಟೆಯಿಂದ ಮರಳುವ ಜನ, ಹಾಲಿನ ಖಾಲಿ ಕ್ಯಾನು, ಮತ್ತು ಎಲ್ಲರ ಮೊಣಕಾಲಿಗೆ ತಾಗುತ್ತ ನನ್ನ ಕಟ್ಟು.

ಗಣಪಣ್ಣ ಚೀಟಿ ಓದಿ, ನನ್ನ ಕಟ್ಟು ನೋಡಿ, ಮೊದಲು ಊಟ ಹಾಕಿಸಿದರು. ಆಮೇಲೆ ಕೊಟ್ಟಿಗೆಯ ಹಿಂದಿನ ಹೊಂಡದ ಹತ್ತಿರ ಕರೆದುಕೊಂಡು ಹೋದರು. ಸಿಪ್ಪೆಯೇನೋ ಗುಡ್ಡೆಯೇ ಇತ್ತು, ಆದರೆ ಹಸಿ. ಆ ಕಡೆ ಹೆಚ್ಚಿನವರು ಕಾಯಿ ಹಸಿರಿರುವಾಗಲೇ ಸುಲಿದು ಬೇಯಿಸಿ ಕೆಂಪಡಿಕೆ ಮಾಡುತ್ತಾರೆ. ಆ ಸಿಪ್ಪೆ ನೀರು ತುಂಬಿಕೊಂಡು ಹೊಂಡದಲ್ಲಿ ಕೊಳೆತು ಗೊಬ್ಬರವಾಗುತ್ತದೆ. ನಾನು ಹಟಕ್ಕೆ ಬಿದ್ದು ಒಂದು ಹಿಡಿ ಎತ್ತಿ ಅಂಗಳದ ಒಲೆಗೆ ಹಾಕಿದೆ. ಹೊಗೆ ಎದ್ದು ಮನೆಯವರೆಲ್ಲ ಕೆಮ್ಮುತ್ತ ಹೊರಗೆ ಬಂದರು.

"ಇದು ಹೊಗೆ ಹಾಕ್ತು ಅಷ್ಟೇ, ಉರೀತಿಲ್ಲೆ" ಎಂದರು ಗಣಪಣ್ಣ. "ನಿಂಗಕ್ಕೆ ಚಾಲಿ ಸಿಪ್ಪೆ ಬೇಕು. ಯಲ್ಲಾಪುರದ ಬದಿಗೆ ಹೋಗವು."

ಕಾಯಿ ಹಣ್ಣಾದ ಮೇಲೆ ಕೊಯ್ದು, ಒಂದೂವರೆ ಎರಡು ತಿಂಗಳು ಬಿಸಿಲಿಗೆ ಒಣಗಿಸಿ, ಆಮೇಲೆ ಸುಲಿದದ್ದು ಚಾಲಿ. ಅದರ ಸಿಪ್ಪೆ ಕಡ್ಡಿಯ ಹಾಗೆ ಒಣಗಿರುತ್ತದಂತೆ. ಭತ್ತದ ಹುಲ್ಲಾದರೂ ಸಿಕ್ಕೀತೇ ಎಂದು ಕೇಳಿದೆ. ಹುಲ್ಲು ದನಕ್ಕೆ. ಹೊಟ್ಟು? ಅದು ಮಿಲ್ಲಿನವನು ಭತ್ತ ಬೇಯಿಸಲಿಕ್ಕೆ. ಒಣ ಎಲೆ? ಅದು ಕೊಟ್ಟಿಗೆಗೆ ಹಾಸಲಿಕ್ಕೆ. ಕಸ ಹುಡುಕಿಕೊಂಡು ಬಂದವನಿಗೆ ಅಲ್ಲಿ ಕಸ ಅನ್ನುವ ವಸ್ತುವೇ ಕಾಣಲಿಲ್ಲ. ಗಣಪಣ್ಣ ಮಾತ್ರ ನನ್ನ ಮುಖ ಸಣ್ಣಗಾದದ್ದು ನೋಡಿ ಇನ್ನೊಂದು ಚೀಟಿ ಬರೆದರು. ಅವರ ಅಕ್ಕ ಸರಸ್ವತಕ್ಕನನ್ನು ಯಲ್ಲಾಪುರ ತಾಲೂಕಿನ ಮಾಗೋಡಿನ ಬದಿಗೆ ಕೊಟ್ಟಿದ್ದರು. ಅವಳು ಒಪ್ಪಿದರೆ ಆ ಕೇರಿಯೇ ಒಪ್ಪಿತು ಅಂದುಕೊಳ್ಳಿ ಎಂದರು. ಅಂದು ಅವರ ಮನೆಯಲ್ಲೇ ಉಳಿದೆ. ಬಚ್ಚಲ ಹಂಡೆಯ ನೀರು ಎಷ್ಟು ಬಿಸಿ ಇತ್ತೆಂದರೆ ಬಾಯ್ಲರಿನವನಾದ ನಾನೇ ಎರಡು ಚೊಂಬು ತಣ್ಣೀರು ಕೇಳಬೇಕಾಯಿತು.

ಶುಕ್ರವಾರ ಬೆಳಿಗ್ಗೆ ಮತ್ತೆ ಶಿರಸಿ. ಅಲ್ಲಿ ದನದ ಹಿಂಡಿಯನ್ನು ಗುಳಿಗೆ ಮಾಡುವ ಒಂದು ಸಣ್ಣ ಮಿಲ್ಲು ಇರುವುದನ್ನು ಗಣಪಣ್ಣ ಹೇಳಿದ್ದರು. ಮಿಲ್ಲಿನವರು ನನ್ನ ಕಥೆ ಕೇಳಿ, ಭಾನುವಾರ ಯಂತ್ರ ಖಾಲಿ ಇರುತ್ತದೆ, ಸೋಮವಾರದಿಂದ ಹದಿನೈದು ದಿನ ಪುರಸೊತ್ತಿಲ್ಲ, ಭಾನುವಾರ ತಂದರೆ ಒತ್ತಿಕೊಡುತ್ತೇವೆ ಎಂದರು. ಇದ್ದದ್ದು ಒಂದು ಭಾನುವಾರ. ಹನ್ನೊಂದರ ಬಸ್ಸಿಗೆ ಯಲ್ಲಾಪುರಕ್ಕೆ ಹೊರಟೆ. ಐವತ್ತು ಕಿಲೋಮೀಟರು, ಕಾಡಿನ ದಾರಿ, ಬಿಸಿಲು ಎಲೆಗಳ ಸಂದಿಯಿಂದ ಬಸ್ಸಿನೊಳಗೆ ಬಿದ್ದು ಏಳುತ್ತಿತ್ತು. ಬೇರೆಯವರಾದರೆ ಇಲ್ಲಿ ಪ್ರಕೃತಿ ಸೌಂದರ್ಯ ಅಂತ ಒಂದು ಪುಟ ಬರೆದಾರು. ನಾನು ಆ ಮರಗಳ ಬುಡದ ತರಗೆಲೆ ನೋಡುತ್ತ, ಇದು ಎಷ್ಟು ಟನ್ನು ಆದೀತು ಎಂದು ಅಂದಾಜು ಹಾಕುತ್ತಿದ್ದೆ.

ಯಲ್ಲಾಪುರದಲ್ಲಿ ಬಾಬಾಜಾನ್ ಸಿಕ್ಕಿದ್ದು ನನ್ನ ಪುಣ್ಯ. ನನ್ನದೇ ವಯಸ್ಸಿನ ಮನುಷ್ಯ, ಸ್ವಂತ ಲಾರಿ, ಅಪ್ಪನ ಕಾಲದಿಂದ ಅಡಿಕೆ ಮತ್ತು ಹಂಚು ಸಾಗಿಸುವ ಮನೆತನ. ಬಂದರಿನಿಂದ ಕಲ್ಲಿದ್ದಲನ್ನೂ ನಾಲ್ಕು ವರ್ಷ ಹೊತ್ತು ತಂದಿದ್ದನಂತೆ. ಸಿಪ್ಪೆ ಹೇರುವುದು ಎಂದಾಗ ಅವನು ನಗಲಿಲ್ಲ. ಹಗುರ ಸರಕು, ಎತ್ತರಕ್ಕೆ ಕಟ್ಟಬೇಕು, ಹಗ್ಗ ಜಾಸ್ತಿ ಬೇಕು ಎಂದಷ್ಟೇ ಹೇಳಿ, ಬಾಡಿಗೆ ಮಾತಾಡಿ, ಹೋಟೆಲಿನಲ್ಲಿ ನನ್ನ ಚಹಾಕ್ಕೂ ತಾನೇ ಕೊಟ್ಟ. ಮಧ್ಯಾಹ್ನ ಅವನ ಖಾಲಿ ಲಾರಿಯಲ್ಲೇ ಮಾಗೋಡಿನ ದಾರಿ ಹಿಡಿದೆವು. ಹದಿನೇಳು ಹದಿನೆಂಟು ಕಿಲೋಮೀಟರು. ಜಲಪಾತಕ್ಕೆ ಹೋಗುವ ಫಲಕ ಕಂಡಿತು. ನಾವು ಅದಕ್ಕೆ ಮುಂಚೆಯೇ ಎಡಕ್ಕೆ ಮಣ್ಣುರಸ್ತೆಗೆ ತಿರುಗಿದೆವು.

ಸರಸ್ವತಕ್ಕನ ಅಂಗಳದಲ್ಲಿ ಐದಾರು ಹೆಂಗಸರು ಸಾಲಾಗಿ ಕೂತು ಚಾಲಿ ಸುಲಿಯುತ್ತಿದ್ದರು. ಒಂದು ಏಟಿಗೆ ಸಿಪ್ಪೆ ಎರಡಾಗಿ ಅಡಿಕೆ ಬುಟ್ಟಿಗೆ ಬೀಳುತ್ತಿತ್ತು. ಸಿಪ್ಪೆ ಹಿಂದಕ್ಕೆ ಹಾರಿ ಬೇಲಿಯವರೆಗೂ ಗುಡ್ಡೆಯಾಗಿತ್ತು. ನಾನು ಯಾರಿಗೂ ನಮಸ್ಕಾರ ಕೂಡ ಹೇಳದೆ ಹೋಗಿ ಆ ಗುಡ್ಡೆಗೆ ಕೈ ಹಾಕಿದೆ. ಗರಿಗರಿ. ಮಣ್ಣಿಲ್ಲ, ಸಗಣಿ ಸಾರಿಸಿದ ಅಂಗಳ. ಒಂದು ಎಳೆಗೆ ಕಡ್ಡಿ ಗೀರಿದೆ, ಹಳದಿ ಉರಿ ನೆಟ್ಟಗೆ ನಿಂತಿತು. ಅಷ್ಟರಲ್ಲಿ ಹಿಂದಿನಿಂದ ಯಾರೋ, ಅಂಗಳಕ್ಕೆ ಬೆಂಕಿ ಹಾಕಲಿಕ್ಕೆ ಬಂದವರೇ ಎಂದು ಕೇಳಿದರು. ಅವರೇ ಸರಸ್ವತಕ್ಕ. ಐವತ್ತರ ಮೇಲಿನ ವಯಸ್ಸು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಅಡಿಕೆ ಆರಿಸುವ ಮೊರದಂಥ ಗೆರಸಿ. ಗಂಡ ಅಂಕೋಲೆಯಲ್ಲಿ ಮೇಷ್ಟ್ರು, ತೋಟ ನೋಡುವುದೆಲ್ಲ ಇವರೇ.

ಅವರು ತಮ್ಮನ ಚೀಟಿ ಓದಿದರು. ನಾನು ಬಾಯ್ಲರು, ಗುಳಿಗೆ, ಮಂಗಳವಾರ, ಎಲ್ಲ ಹೇಳಿದೆ. ನನ್ನ ಜೊತೆ ಪುಸ್ತಕದ ಕನ್ನಡದಲ್ಲೇ ಮಾತಾಡುತ್ತಿದ್ದ ಅವರು ಎಷ್ಟು ಚೀಲ, ಯಾರು ತುಂಬುವುದು ಎಂದೆಲ್ಲ ವಿಚಾರಿಸಿದರು. ರೇಟು ಹೇಳಿದೆ, ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಆಮೇಲೆ ಒಂದೇ ಪ್ರಶ್ನೆ.

"ಬೂದಿ ಯಾವಾಗ ಬರುತ್ತದೆ?"

ನನಗೆ ತಿಳಿಯಲಿಲ್ಲ. ಅವರು ವಿವರಿಸಿದರು. ಆ ಕೇರಿಯಲ್ಲಿ ಹಿಂದಿನಿಂದ ಒಂದು ಪದ್ಧತಿ. ಕಮ್ಮಾರ ಒಯ್ಯಲಿ, ಬೆಲ್ಲ ಕಾಯಿಸುವವನು ಒಯ್ಯಲಿ, ತೋಟದ ಸಿಪ್ಪೆಯನ್ನು ಉರಿಸಲಿಕ್ಕೆ ಒಯ್ದವನು ಬೂದಿಯನ್ನು ವಾಪಸ್ ತಂದುಕೊಡಬೇಕು. ಇಪ್ಪತ್ತು ಚೀಲ ಸಿಪ್ಪೆಗೆ ಒಂದು ಚೀಲ ಬೂದಿ. ಉರಿ ಒಯ್ದವನದು, ಸಾರ ತೋಟದ್ದು. ಬೂದಿ ಬಾರದಿದ್ದರೆ ಮರ ಮುಂದಿನ ವರ್ಷ ಎಲ್ಲಿಂದ ಕೊಡಬೇಕು ಎಂದು ಅವರು ಕೇಳಿದ ರೀತಿ, ಎರಡೂ ಎರಡೂ ನಾಲ್ಕು ಎಂದ ಹಾಗಿತ್ತು.

ನಾನು ನಕ್ಕುಬಿಟ್ಟೆ. ಬೂದಿ ತಾನೇ? ನಮ್ಮಲ್ಲಿ ಬೂದಿಯ ಬೆಟ್ಟವೇ ಇದೆ. ಇಟ್ಟಿಗೆಯವರು ಬಂದು ಒಯ್ದರೆ ಸಾಕು ಎಂದು ಕಾಯುತ್ತೇವೆ. ಹತ್ತಲ್ಲ, ಇಪ್ಪತ್ತು ಚೀಲ ಕಳಿಸುತ್ತೇನೆ, ಹದಿನೈದು ದಿನದೊಳಗೆ ನಿಮ್ಮ ಅಂಗಳದಲ್ಲಿರುತ್ತದೆ ಎಂದು ಎದೆ ತಟ್ಟಿ ಹೇಳಿದೆ. ಸರಸ್ವತಕ್ಕನ ಮುಖ ಅರಳಿತು. ಅಷ್ಟು ದೂರದವರು ಇಷ್ಟು ಸಲೀಸಾಗಿ ಒಪ್ಪಿದ್ದು ಅವರಿಗೆ ಖುಷಿಯಾಗಿತ್ತು. ತಾವೇ ಮುಂದಾಗಿ ಅಕ್ಕಪಕ್ಕದ ಮೂರು ಮನೆಗೆ ನನ್ನನ್ನು ಕರೆದುಕೊಂಡು ಹೋಗಿ, ಬೂದಿ ಬರುತ್ತದೆ ಎಂದು ತಾವೇ ಹೇಳಿ ಒಪ್ಪಿಸಿದರು. ನಾಲ್ಕು ಮನೆ, ಇನ್ನೂರು ಚೀಲ. ಅಂದು ಅವರ ಮನೆಯಲ್ಲಿ ಮಾವಿನಕಾಯಿಯ ಅಪ್ಪೆಹುಳಿ ಹಾಕಿಸಿಕೊಂಡು ಮೂರು ಸಲ ಅನ್ನ ಉಂಡೆ. ಜಲಪಾತ ನೋಡಿದಿರಾ ಎಂದು ಎಲ್ಲ ಮನೆಯಲ್ಲೂ ಕೇಳಿದರು. ನೋಡುತ್ತೇನೆ ಎಂದೆ. ಸಂಜೆ ಬಾಬಾಜಾನ್ ಜೊತೆ ಯಲ್ಲಾಪುರಕ್ಕೆ ಮರಳಿ ಒಂದು ಲಾಡ್ಜಿನಲ್ಲಿ ಮಲಗಿದೆ, ಇಷ್ಟು ಸುಖದ ನಿದ್ದೆ ಹಿಂದಿನ ವರ್ಷದಿಂದ ಬಂದಿರಲಿಲ್ಲ.

ಶನಿವಾರ ಬೆಳಿಗ್ಗೆ ಏಳಕ್ಕೆ ಅಂಗಳ ಸೇರಿದೆವು. ನಾಲ್ಕು ಮನೆಯವರೂ ತುಂಬಲಿಕ್ಕೆ ಬಂದರು. ಸಿಪ್ಪೆಯನ್ನು ಕಾಲಲ್ಲಿ ಮೆಟ್ಟಿ ಮೆಟ್ಟಿ ತುಂಬಿದರೆ ಮಾತ್ರ ಚೀಲಕ್ಕೆ ಹದಿನೈದು ಕಿಲೋ ಹಿಡಿಯುತ್ತದೆ. ಸುಲಿಯುವ ಹೆಂಗಸರು ಕೆಲಸ ಬಿಟ್ಟು ಚೀಲದ ಬಾಯಿ ಹೊಲಿದುಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಲಾರಿ ಮನೆಯ ಮಾಡಿಗಿಂತ ಎತ್ತರವಾಯಿತು. ಬಾಬಾಜಾನ್ ಮೇಲೆ ಹತ್ತಿ ಹಗ್ಗ ಬಿಗಿದ. ಎಲ್ಲರೂ ಬೇಲಿಯ ಹತ್ತಿರ ನಿಂತು ಬೀಳ್ಕೊಟ್ಟರು.

ಯಲ್ಲಾಪುರ ತಲುಪಿ ಚಹಾಕ್ಕೆ ನಿಲ್ಲಿಸಿದೆವು. ಬಾಬಾಜಾನ್ ಬಸಿಗೆ ಚಹಾ ಸುರಿದು ಆರಿಸತೊಡಗಿದ.

"ಸಾಹೇಬ್ರ, ಒಂದು ಮಾತು ಕೇಳ್ತೀನ್ರಿ. ನಿಮ್ಮಲ್ಲಿ ಕಲ್ಲಿದ್ದಲಿಗೆ ಒಂದು ಒಲಿ, ಸಿಪ್ಪಿಗೆ ಒಂದು ಒಲಿ ಬ್ಯಾರೆ ಬ್ಯಾರೆ ಅದಾವೇನ್ರಿ?"

ಇಲ್ಲ, ಎರಡೂ ಒಂದೇ ಒಲೆಗೆ ಎಂದೆ.

"ಹಂಗಾದ್ರ ಬೂದಿ ಹೆಂಗ ಬ್ಯಾರೆ ಮಾಡ್ತೀರಿ?"

ಲೋಟ ಕೆಳಗಿಟ್ಟು ಲೆಕ್ಕ ಹಾಕಿದೆ. ಹತ್ತರಲ್ಲಿ ಒಂದು ಪಾಲು ಸಿಪ್ಪೆ, ಒಂಬತ್ತು ಪಾಲು ಕಲ್ಲಿದ್ದಲು. ಸಿಪ್ಪೆಯ ಬೂದಿ ಒಂದು ಚಿಟಿಕೆ, ಕಲ್ಲಿದ್ದಲಿನ ಬೂದಿ ಒಂದು ಮೊರ. ಎರಡೂ ಒಟ್ಟಿಗೆ ಉದುರಿ, ನೀರಿನಲ್ಲಿ ಕಲಸಿ, ಕೊಳವೆಯಲ್ಲಿ ಹರಿದು ಬೂದಿಯ ಕೊಳಕ್ಕೆ ಸೇರುತ್ತವೆ. ಆ ಕೊಳದ ದಂಡೆಯಲ್ಲಿ ಹುಲ್ಲು ಸರಿಯಾಗಿ ಹುಟ್ಟುವುದಿಲ್ಲ, ನಾನೇ ನೋಡಿದ್ದೇನೆ. ಅಂಥದ್ದನ್ನು ಇಪ್ಪತ್ತು ಚೀಲ ತುಂಬಿ ಆ ತೋಟಗಳಿಗೆ ಸುರಿಯಿರಿ ಎಂದು ಕಳಿಸುತ್ತೇನೆಂದು ಹೇಳಿ ಬಂದಿದ್ದೆ. ಇಪ್ಪತ್ತೆರಡು ವರ್ಷ ಬೆಂಕಿ ಕಾದವನಿಗೆ ಹೊಳೆಯದ್ದು ಒಬ್ಬ ಲಾರಿಯವನಿಗೆ ಹೊಳೆದಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನನ್ನದು ಅಡಿಕೆಯ ಸಿಪ್ಪೆಗೇ ಹೋಗುವುದರಲ್ಲಿತ್ತು.

ಸುಳ್ಳು ಹೇಳುವುದಿಲ್ಲ, ಮುಂದೆ ಹೋಗಿಬಿಡೋಣ ಎಂದು ಮನಸ್ಸಿಗೆ ಬಂತು. ಶಿರಸಿಯ ಯಂತ್ರ ನಾಳೆ ಒಂದೇ ದಿನ ಖಾಲಿ. ತಿರುಗಿ ಹೋಗಿ ನಿಜ ಹೇಳಿದರೆ ಅವರು ಲಾರಿ ಇಳಿಸು ಎನ್ನಬಹುದು, ಎನ್ನಬೇಕು ಕೂಡ. ಆಗ ಮಂಗಳವಾರ ಬರಿಗೈಯಲ್ಲಿ ಎಂಜಿನಿಯರ ಮುಂದೆ ನಿಲ್ಲಬೇಕು, ಅಲ್ಲಿಗೆ ನನ್ನ ಮಾತು ಮುಗಿಯಿತು. ಮುಂದೆ ಹೋದರೆ ಪರೀಕ್ಷೆ ಆಗುತ್ತದೆ, ಬೂದಿ ಬಾರದಿದ್ದರೆ ನಾಲ್ಕು ಮನೆಯವರು ಒಂದು ತಿಂಗಳು ಬೈದು ಸುಮ್ಮನಾಗುತ್ತಾರೆ. ಆದರೆ ಆ ಮೂರು ಮನೆಗೆ ಹೋಗಿ ಬೂದಿ ಬರುತ್ತದೆ ಎಂದು ಹೇಳಿದವರು ಸರಸ್ವತಕ್ಕ. ಬೈಗುಳ ತಿನ್ನುವವರೂ ಅವರೇ ಆಗುತ್ತಿದ್ದರು. ನನಗೆ ಮೂರು ಸಲ ಅನ್ನ ಬಡಿಸಿದ ಕೈ ಅದು.

ನಾನು ಬಾಯಿ ತೆರೆಯುವ ಮೊದಲೇ ಬಾಬಾಜಾನ್ ಬಸಿ ಕೆಳಗಿಟ್ಟ. ಬರ್ರಿ, ಹಿಂದಕ್ಕ ಹೋಗೂಣು ಅಂದ. ಬಾಡಿಗೆಯ ಸುದ್ದಿ ಎತ್ತಲಿಲ್ಲ. ಮನೆಯ ಮಾಡಿಗಿಂತ ಎತ್ತರದ ಲಾರಿಯನ್ನು ಆ ಪೇಟೆಯ ಬೀದಿಯಲ್ಲಿ ತಿರುಗಿಸಲಿಕ್ಕೇ ಹತ್ತು ನಿಮಿಷ ಹಿಡಿಯಿತು.

ಅಂಗಳಕ್ಕೆ ಲಾರಿ ಮರಳಿ ಬಂದದ್ದು ನೋಡಿ, ಟೈರು ಪಂಕ್ಚರಾಯಿತೇ ಎಂದು ಸರಸ್ವತಕ್ಕ ಕೇಳಿದರು. ಇಲ್ಲ, ನಾನು ನಿನ್ನೆ ಹೇಳಿದ್ದು ತಪ್ಪು, ಬೂದಿ ಬರುವುದಿಲ್ಲ ಎಂದೆ. ಬಂದರೂ ಅದನ್ನು ತೋಟಕ್ಕೆ ಹಾಕಬಾರದು ಎಂದು ಕಾರಣ ವಿವರಿಸಿದೆ. ಸುಲಿಯುವ ಹೆಂಗಸರ ಕೈ ನಿಂತಿತು. ಸರಸ್ವತಕ್ಕ ಗೆರಸಿ ಕೆಳಗಿಟ್ಟು ನನ್ನನ್ನೇ ನೋಡಿದರು. ನಿನ್ನೆ ಆ ಮೂರು ಮನೆಗೆ ನಾನು ಹೇಳಿದ್ದೆ, ಇವತ್ತು ನೀವೇ ಹೇಳಬೇಕು ಎಂದರು. ಆ ದನಿಯಲ್ಲಿ ಸಿಟ್ಟಿತ್ತು, ನ್ಯಾಯವೂ ಇತ್ತು.

ಹೋದೆ. ಮೊದಲ ಮನೆಯಲ್ಲಿ ಒಬ್ಬ ಅಜ್ಜ ಪೂರ್ತಿ ಕೇಳಿ, ಕೊಟ್ಟಾಗಿದೆಯಲ್ಲ, ಒಯ್ಯಿರಿ ಎಂದು ಎಲೆಯಡಿಕೆಯ ಕವಳ ಹಾಕಲು ಕೂತ. ಎರಡನೆಯ ಮನೆಯವರು ಗಂಡಹೆಂಡತಿ ಒಳಗೆ ಹೋಗಿ ಮಾತಾಡಿಕೊಂಡು ಬಂದು, ಈ ಸಲಕ್ಕೆ ಸರಿ, ಇನ್ನೊಂದು ಸಲ ಕೇಳಬೇಡಿ ಎಂದರು. ಮೂರನೆಯದು ಶ್ರೀಧರಣ್ಣನ ಮನೆ, ಅವರದು ಮೂವತ್ತು ಚೀಲ.

"ಬೇಜಾರ್ ಮಾಡ್ಕಳಡಿ" ಎಂದರು ಶ್ರೀಧರಣ್ಣ. "ಬೂದಿ ಇಲ್ಲೆ ಹೇಳಾದ್ರೆ ಆನು ಕೊಡ್ತ್ನಿಲ್ಲೆ."

ಬೇಜಾರು ಮಾಡಿಕೊಳ್ಳುವ ಹಕ್ಕು ನನಗೆಲ್ಲಿತ್ತು? ಅವರ ಚೀಲಗಳು ಲಾರಿಯ ತೀರ ಅಡಿಯಲ್ಲಿದ್ದವು. ಹಗ್ಗ ಬಿಚ್ಚಿ, ಇಡೀ ಲಾರಿ ಇಳಿಸಿ, ಅವರ ಮೂವತ್ತು ಬದಿಗಿಟ್ಟು ಮತ್ತೆ ಹೇರಬೇಕಾಯಿತು. ವಿಚಿತ್ರವೆಂದರೆ ಎಲ್ಲರಿಗಿಂತ ಹೆಚ್ಚು ಚೀಲ ಹೊತ್ತವರು ಶ್ರೀಧರಣ್ಣ. ತಮ್ಮದನ್ನು ವಾಪಸ್ ತೆಗೆದುಕೊಂಡ ಮೇಲೆ, ಉಳಿದವರದನ್ನು ಹೇರಲಿಕ್ಕೂ ನಿಂತರು, ನಡುವೆ ಎಲ್ಲರಿಗೂ ಮಜ್ಜಿಗೆ ತರಿಸಿದರು. ಕೊಡುವುದಿಲ್ಲ ಅನ್ನುವುದು ಬೇರೆ, ಬಂದವನ ಕೆಲಸಕ್ಕೆ ಕೈ ಕೊಡುವುದು ಬೇರೆ ಎನ್ನುವ ಹಾಗೆ. ಅವರ ಮೇಲೆ ನನಗೆ ಅಂದು ಹುಟ್ಟಿದ ಗೌರವ ಇವತ್ತಿಗೂ ಇದೆ.

ಮೂವತ್ತು ಚೀಲ ಕಡಿಮೆಯಾಯಿತು. ಪಾಳಿ ಪೂರ್ತಿ ಉರಿಸಲಿಕ್ಕೆ ಸಾಲದು, ಅರ್ಧದಲ್ಲಿ ಬಿಟ್ಟ ಪರೀಕ್ಷೆಯನ್ನು ಎಂಜಿನಿಯರು ಪರೀಕ್ಷೆ ಎನ್ನುವುದಿಲ್ಲ. ನಾನು ಹಗ್ಗದ ತುದಿ ಹಿಡಿದು ನಿಂತಿದ್ದೆ. ಸರಸ್ವತಕ್ಕ ಬಚ್ಚಲ ಮನೆಯ ಕಡೆ ಹೋದವರು ಅಲ್ಲಿಂದಲೇ ಕರೆದರು. ಬಚ್ಚಲ ಅಟ್ಟದ ಮೇಲೆ, ಹೊಗೆ ತಾಗಿ ಕಪ್ಪಾದ ಹಲಗೆಯ ಮೇಲೆ, ಅಚ್ಚುಕಟ್ಟಾಗಿ ಪೇರಿಸಿದ ಹಿಂದಿನ ವರ್ಷದ ಸಿಪ್ಪೆ, ಮೂವತ್ತು ಚೀಲಕ್ಕೆ ಆಗುವಷ್ಟು. ನಾನು ಒಲೆ ನೋಡುವವನಲ್ಲವೇ, ನೋಡಿದ ಕೂಡಲೇ ಗೊತ್ತಾಯಿತು. ಮಳೆಗಾಲದ ನಾಲ್ಕು ತಿಂಗಳು ಸೌದೆ ಹಸಿಯಾಗಿ ಹತ್ತದಿದ್ದಾಗ ನೀರೊಲೆ ಹೊತ್ತಿಸಲಿಕ್ಕೆ ಇಟ್ಟುಕೊಂಡದ್ದು. ಇದು ಬೇಡ ಎಂದೆ. ಅವರು ಅದಾಗಲೇ ಮೊದಲ ಬುಟ್ಟಿ ಇಳಿಸಿಯಾಗಿತ್ತು. ಅಲ್ಲಿಯವರೆಗೆ ನನ್ನ ಜೊತೆ ಪುಸ್ತಕದ ಮಾತಾಡುತ್ತಿದ್ದವರು ಈಗ ತಮ್ಮ ಮನೆಯ ಮಾತಿಗೆ ಇಳಿದರು.

"ನಿನ್ನೆ ಕೊಟ್ಟದ್ದು ಬೂದಿ ಬತ್ತು ಹೇಳಿ. ಇದು ನಿಂಗ ತಿರುಗಿ ಬಂದ್ರಲಿ, ಅದಕ್ಕೆ."

ನನ್ನ ಕಣ್ಣಲ್ಲಿ ನೀರು ಬಂತು. ಸಿಪ್ಪೆಯ ಧೂಳು ಎಂದು ಒರೆಸಿಕೊಂಡೆ. ಸಿಪ್ಪೆಗೆ ಧೂಳೇ ಇಲ್ಲ ಎಂದು ಹಿಂದಿನ ದಿನ ಹೊಗಳಿದವನೂ ನಾನೇ.

ಹೊರಡುವಾಗ ಹೊತ್ತು ಇಳಿಯುತ್ತಿತ್ತು. ಗಾಳಿ ಬೀಸಿದಾಗ ಬೇಡ್ತಿ ನದಿ ಮಾಗೋಡಿನಲ್ಲಿ ಬೀಳುವ ಸದ್ದು ದೂರದಿಂದ ಬರುತ್ತದೆ, ಕೇಳಿ ಎಂದು ಶ್ರೀಧರಣ್ಣ ಹೇಳಿದರು. ಕಿವಿಗೊಟ್ಟೆ. ಬಾಬಾಜಾನ್ ಎಂಜಿನು ಚಾಲೂ ಮಾಡಿದ್ದ, ಅದಷ್ಟೇ ಕೇಳಿಸಿತು. ಜಲಪಾತ ನೋಡದೆ ಮಾಗೋಡಿನಿಂದ ಬಂದ ಮೊದಲ ಪ್ರವಾಸಿ ನಾನೇ ಇರಬೇಕು.

ಭಾನುವಾರ ಶಿರಸಿಯ ಮಿಲ್ಲು. ಯಂತ್ರ ನಡೆಸುವ ಕೆಲಸಗಾರ ಸಿಪ್ಪೆಯನ್ನು ಪುಡಿಮಾಡಿ, ಉಗಿ ಕೊಟ್ಟು, ತೂತಿನ ಬಿಲ್ಲೆಯಲ್ಲಿ ಒತ್ತಲು ಅಣಿ ಮಾಡಿದ. ನಾನು ಚಹಾ ಕುಡಿದು ಬರುವಷ್ಟರಲ್ಲಿ ಅವನು ಒಂದು ಡಬ್ಬ ಬೆಲ್ಲದ ಕಾಕಂಬಿ ಮತ್ತು ಒಂದು ತಟ್ಟೆ ಉಪ್ಪು ತಂದು ಪಕ್ಕದಲ್ಲಿಟ್ಟುಕೊಂಡಿದ್ದ. ಕಾಕಂಬಿ ಹಾಕದಿದ್ದರೆ ದನ ಮೂಸುವುದಿಲ್ಲ, ಉಪ್ಪು ಹಾಕದಿದ್ದರೆ ಹಾಲು ಇಳಿಯುವುದಿಲ್ಲ ಎಂದು ನನಗೇ ತಿಳಿಹೇಳಿದ. ಉಪ್ಪು ಬಿದ್ದ ಗುಳಿಗೆ ಉರಿಸಿದ್ದರೆ ನಮ್ಮ ಕೊಳವೆಗಳನ್ನು ಆ ಉಪ್ಪೇ ತಿಂದುಹಾಕುತ್ತಿತ್ತು. ಇದನ್ನು ತಿನ್ನುವ ದನ ಕಬ್ಬಿಣದ್ದು, ಅದಕ್ಕೆ ರುಚಿ ಬೇಡ ಎಂದು ಹೇಳಿ ತಟ್ಟೆ ದೂರ ಇಡಿಸಿದೆ. ಅವನು ನಕ್ಕ, ಆದ್ರೂ ಒಂದ್ ಚೂರು ಎಂದು ಇನ್ನೊಮ್ಮೆ ಕೇಳಿಯೂ ನೋಡಿದ.

ಸಂಜೆ ಐದರ ಹೊತ್ತಿಗೆ ಗುಳಿಗೆಗಳು ಸಿದ್ಧವಾದವು. ಬೆರಳಿನ ದಪ್ಪ, ಕಂದು ಬಣ್ಣ, ಮುಟ್ಟಿದರೆ ಇನ್ನೂ ಬಿಸಿ. ಮಾಡಿಗಿಂತ ಎತ್ತರವಿದ್ದ ಸರಕು ಈಗ ನಲವತ್ತು ಕಿಲೋದ ಎಪ್ಪತ್ತೈದು ಚೀಲವಾಗಿ ಮಿಲ್ಲಿನ ಒಂದು ಮೂಲೆಯಲ್ಲಿ ಕೂತಿತು. ಊರಿಗೆ ಒಯ್ಯಲು ಇನ್ನೊಂದು ಲಾರಿ ಗೊತ್ತುಮಾಡಿದ್ದೆ, ಬಾಬಾಜಾನ್ ಯಲ್ಲಾಪುರಕ್ಕೆ ಮರಳುವವನಿದ್ದ. ಎಪ್ಪತ್ತೈದು ಚೀಲಗಳಲ್ಲಿ ಎರಡನ್ನು ಅವನ ಲಾರಿಗೆ ಹಾಕಿಸಿದೆ. ಪಾಳಿಯಲ್ಲಿ ಹತ್ತು ನಿಮಿಷ ಕಡಿಮೆ ಉರಿಯುತ್ತದೆ, ಎಂಜಿನಿಯರಿಗೆ ನಾನು ಉತ್ತರ ಕೊಡುತ್ತೇನೆ. ಇದನ್ನು ಸರಸ್ವತಕ್ಕನ ಬಚ್ಚಲಿಗೆ ಮುಟ್ಟಿಸು, ಮಳೆಗಾಲದವರೆಗೆ ನೀರು ತಾಗಿಸಬಾರದು, ತಾಗಿದರೆ ಉಬ್ಬಿ ಪುಡಿಯಾಗುತ್ತದೆ ಎಂದು ಹೇಳಿದೆ. ಅವನು ತನ್ನ ಹೊಸ ತಾಡಪತ್ರಿಯನ್ನೇ ಆ ಎರಡು ಚೀಲಕ್ಕೆ ಸುತ್ತಿದ. ಮಾಗೋಡಿಗೆ ವಾಪಸ್ ತಿರುಗಿದ್ದಕ್ಕೆ ಹೆಚ್ಚಿನ ಬಾಡಿಗೆ ತೆಗೆದುಕೋ ಎಂದು ಎಷ್ಟು ಹೇಳಿದರೂ ತೆಗೆದುಕೊಳ್ಳಲಿಲ್ಲ. ಕೈ ಹಿಡಿದು ಕುಲುಕಿ ಬೀಳ್ಕೊಟ್ಟೆ.

ಮಂಗಳವಾರ ಪರೀಕ್ಷೆ ನಡೆಯಿತು. ಬಾಯ್ಲರಿನ ಇಣುಕುಗಿಂಡಿಯಲ್ಲಿ ನೀಲಿ ಗಾಜು ಹಿಡಿದು ನೋಡಿದೆ. ಉರಿ ಒಂದು ಸಲವೂ ನಡುಗಲಿಲ್ಲ. ಮರುದಿನ ಬಾಯ್ಲರು ಆರಿದ ಮೇಲೆ ಕೊಳವೆಗಳ ಮೇಲೆ ಬೆರಳಾಡಿಸಿದೆ, ಒರೆಸಿದರೆ ಹೋಗುವಷ್ಟೇ ಬೂದಿ. ಎಂಜಿನಿಯರು ನನ್ನ ಬೆನ್ನು ತಟ್ಟಿ, ಇನ್ನು ಮಾಗೋಡಿನಿಂದ ವಾರಕ್ಕೊಂದು ಲಾರಿ ತರಿಸೋಣ ಎಂದರು. ಬೇಡ ಸಾರ್ ಎಂದೆ. ಅಲ್ಲಿ ಅದು ಕಸವಲ್ಲ. ನಮ್ಮ ಸುತ್ತಲೇ ಮೆಕ್ಕೆಜೋಳದ ಬೆಂಡನ್ನು ಹೊಲದಲ್ಲಿ ರಾಶಿ ಹಾಕಿ ಸುಮ್ಮನೆ ಬೆಂಕಿ ಕೊಡುತ್ತಾರೆ, ಅದನ್ನು ಮಣ್ಣಿಲ್ಲದ ಹಾಗೆ ಎತ್ತುವುದನ್ನು ಕಲಿಯೋಣ ಎಂದೆ. ವರದಿಯಲ್ಲೂ ಹಾಗೆಯೇ ಬರೆದೆ. ಆ ಪಾಳಿಯ ಬೂದಿ ಎಂದಿನಂತೆ ಕೊಳಕ್ಕೆ ಹರಿಯುವಾಗ ದಂಡೆಯಲ್ಲಿ ನಿಂತು ನೋಡಿದೆ. ಇಷ್ಟು ವರ್ಷದಲ್ಲಿ ಬೂದಿ ಹೋಗುವುದನ್ನು ನೋಡಲಿಕ್ಕೆಂದು ನಾನು ಅಲ್ಲಿಗೆ ಹೋದದ್ದು ಅದೇ ಮೊದಲು.

ಜುಲೈ ತಿಂಗಳಲ್ಲಿ, ಮಳೆಯಲ್ಲಿ ಅಂಚು ನೆನೆದ ಒಂದು ಕಾರ್ಡು ಬಂತು. ದುಂಡಗಿನ ಅಕ್ಷರ, ಪುಸ್ತಕದ ಕನ್ನಡ. ನಿಮ್ಮ ಗುಳಿಗೆ ಚೆನ್ನಾಗಿ ಉರಿಯುತ್ತಿವೆ, ಮೂರು ಮನೆಯವರು ಹಂಚಿಕೊಂಡೆವು, ಶ್ರೀಧರಣ್ಣನಿಗೂ ಒಂದು ಬುಟ್ಟಿ ಕೊಟ್ಟಿದ್ದೇನೆ ಎಂದು ಸರಸ್ವತಕ್ಕ ಬರೆದಿದ್ದರು. ಕೆಳಗೆ ಇನ್ನೊಂದು ಸಾಲಿತ್ತು.

"ಒಲೆಯ ಬೂದಿ ಬಳಿದು ತೋಟಕ್ಕೆ ಹಾಕಿದೆವು. ನೀವು ಹೇಳಿದ ಬೂದಿ ಬಂದು ಮುಟ್ಟಿತು."